ಯಂತ್ರಕ್ಕೆ ಹೇಳುವ ಮಾತು

ಮನೆಯ ಬಾವಿಯಿಂದ ನೀರೆತ್ತುವ ಪಂಪಿನೊಳಗೆ ಉಕ್ಕಿನದೊಂದು ದಂಡವಿರುತ್ತದೆ. ಸೈಕಲ್ಲಿನ ಚಕ್ರದ ನಡುವೆ ಒಂದು ಅಚ್ಚು ಇರುತ್ತದೆ. ಮಂಗಳೂರಿನ ಹಳೆಯ ಬಂದರಿನಿಂದ ಕಡಲಿಗಿಳಿಯುವ ಮೀನುಗಾರಿಕೆಯ ದೋಣಿಯಲ್ಲಿ ಎಂಜಿನಿನ ಬಲವನ್ನು ನೀರಿನೊಳಗಿನ ಪಂಖಕ್ಕೆ ಮುಟ್ಟಿಸುವ ಉದ್ದನೆಯ ಷಾಫ್ಟು ಇರುತ್ತದೆ. ಇವು ನಮ್ಮ ಕಣ್ಣಿಗೆ ಬೀಳುವುದು ಅಪರೂಪ. ಬಿದ್ದರೂ ನಾವು ಅವುಗಳ ಕಡೆಗೆ ಗಮನ ಕೊಡುವುದಿಲ್ಲ. ಆದರೆ ಇವುಗಳ ಅಳತೆ ತಪ್ಪಿತೆಂದರೆ ಪಂಪು ಗಡಗಡನೆ ನಡುಗುತ್ತದೆ, ಸೈಕಲ್ಲು ಓಲಾಡುತ್ತದೆ, ದೋಣಿ ನಡುಗಡಲಿನಲ್ಲಿ ನಿಂತುಬಿಡಲೂಬಹುದು. ಇಂತಹ ವಸ್ತುಗಳನ್ನು ಅಳತೆಗೆ ಸರಿಯಾಗಿ ಕಡೆದುಕೊಡುವವರ ಕಸುಬು ಎಂತಹದು? ಆ ಕಸುಬಿನ ರೀತಿ ಇತ್ತೀಚಿನ ದಶಕಗಳಲ್ಲಿ ಹೇಗೆ ಬದಲಾಗಿದೆ? ಬದಲಾಗದೆ ಉಳಿದಿರುವುದು ಯಾವುದು? ಈ ಪ್ರಶ್ನೆಗಳನ್ನು ಸ್ವಲ್ಪ ವಿಚಾರಿಸಿ ನೋಡೋಣ.

ವಸ್ತುವನ್ನು ತಿರುಗಿಸಿ ಕಡೆಯುವ ವಿದ್ಯೆ ನಮ್ಮ ನಾಡಿಗೆ ಹೊಸದಲ್ಲ. ಚನ್ನಪಟ್ಟಣದ ಕುಶಲಕರ್ಮಿ ಮರದ ತುಂಡೊಂದನ್ನು ಗರಗರನೆ ತಿರುಗಿಸಿ, ಅದಕ್ಕೆ ಉಳಿಯನ್ನು ಒಡ್ಡಿ, ನೋಡನೋಡುತ್ತಿದ್ದಂತೆಯೇ ಬೊಂಬೆಯ ದುಂಡುತಲೆಯನ್ನು ರೂಪಿಸುತ್ತಾನೆ. ಬೇಲೂರಿನ ದೇವಾಲಯದ ನುಣುಪಾದ ಕಂಬಗಳ ಮೇಲಿನ ಉಂಗುರದಂತಹ ಗೆರೆಗಳನ್ನು ಕಂಡ ವಿದ್ವಾಂಸರು, ಅವನ್ನೂ ಹೀಗೆಯೇ ತಿರುಗಿಸಿ ಕಡೆದಿರಬೇಕೆಂದು ಅಭಿಪ್ರಾಯಪಟ್ಟಿದ್ದಾರೆ. ಲೋಹವನ್ನು ಹೀಗೆ ಕಡೆಯುವ ಯಂತ್ರವೇ ಲೇತು. ಲೇತಿನಲ್ಲಿ ವಸ್ತು ತಿರುಗುತ್ತದೆ. ಅದನ್ನು ಕಚ್ಚಿ ಹಿಡಿದಿರುವ ಭಾಗಕ್ಕೆ ಚಕ್ ಎಂದು ಹೆಸರು. ತಿರುಗುವ ವಸ್ತುವಿಗೆ ಗಡುಸಾದ ಟೂಲನ್ನು ಒಡ್ಡಿದಾಗ ಲೋಹವು ಸುರುಳಿಸುರುಳಿಯಾಗಿ ಸುಲಿದು ಬರುತ್ತದೆ. ಇದರ ಜೊತೆಗಾರನೇ ಮಿಲ್ಲಿಂಗ್ ಯಂತ್ರ. ಅಲ್ಲಿ ಕ್ರಮ ತಿರುಗುಮುರುಗು: ಟೂಲು ತಿರುಗುತ್ತದೆ, ಮೇಜಿಗೆ ಬಿಗಿದ ವಸ್ತು ಅದರ ಕೆಳಗೆ ಮೆಲ್ಲನೆ ಸರಿಯುತ್ತದೆ. ದುಂಡಗಿನ ವಸ್ತುಗಳಿಗೆ ಲೇತು, ಚಪ್ಪಟೆ ಮುಖಗಳಿಗೂ ಗಾಡಿಗಳಿಗೂ ಮಿಲ್ಲಿಂಗ್ ಯಂತ್ರ ಎಂದು ಸ್ಥೂಲವಾಗಿ ಹೇಳಬಹುದು. ಕಡೆಯಬೇಕಾದ ವಸ್ತುವನ್ನು ಕಾರ್ಯಾಗಾರದವರು ‘ಜಾಬ್’ ಎಂದು ಕರೆಯುತ್ತಾರೆ.

ಹಿಂದೆ ಲೇತಿನ ಮುಂದೆ ನಿಂತ ಕೆಲಸಗಾರನ ಕೈಗಳು ಎರಡು ಹಿಡಿಚಕ್ರಗಳ ಮೇಲಿರುತ್ತಿದ್ದವು. ಒಂದನ್ನು ತಿರುಗಿಸಿದರೆ ಟೂಲು ಜಾಬಿನ ಉದ್ದಕ್ಕೆ ಸರಿಯುವುದು. ಇನ್ನೊಂದನ್ನು ತಿರುಗಿಸಿದರೆ ಜಾಬಿನ ನಡುವಿಗೆ ಸಮೀಪಿಸುವುದು. ಕಣ್ಣು ಟೂಲಿನ ತುದಿಯಲ್ಲಿ, ಕಿವಿ ಲೋಹದ ಸದ್ದಿನಲ್ಲಿ, ಮನಸ್ಸು ನಕ್ಷೆಯಲ್ಲಿ. ನಮ್ಮ ತಲೆಗೂದಲಿನ ಒಂದು ಎಳೆಯ ದಪ್ಪ ಸುಮಾರು 0.07 ಮಿಲಿಮೀಟರು. ನುರಿತ ಟರ್ನರನು ಅದಕ್ಕಿಂತಲೂ ಸಣ್ಣದಾದ 0.01 ಮಿಲಿಮೀಟರಿನ ಅಂತರವನ್ನು ಮೈಕ್ರೋಮೀಟರಿನಿಂದ ಅಳೆದು, ಕೈಯ ಹದದಿಂದಲೇ ಸಾಧಿಸುತ್ತಿದ್ದನು. ಇಂದಿಗೂ ದುರಸ್ತಿಯ ಕಾರ್ಯಾಗಾರಗಳಲ್ಲಿ ಇಂತಹ ಲೇತುಗಳು ಕೆಲಸ ಮಾಡುತ್ತಿವೆ.

ಮಂಗಳೂರಿಗೆ ಈ ಕಸುಬಿನ ನಂಟು ಬಹು ಹಳೆಯದು. 1834ರಲ್ಲಿ ಇಲ್ಲಿಗೆ ಬಂದ ಬಾಸೆಲ್ ಮಿಷನ್ನಿನವರು 1841ರಲ್ಲಿ ಮುದ್ರಣಾಲಯವನ್ನೂ, 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನೂ ಸ್ಥಾಪಿಸಿದರು. ಯಂತ್ರಗಳಿದ್ದೆಡೆಯಲ್ಲಿ ಅವುಗಳ ಬಿಡಿಭಾಗಗಳನ್ನು ಮಾಡುವವರೂ ಬೇಕಷ್ಟೆ. ಆದಕಾರಣ 1870ರ ದಶಕದಲ್ಲಿ ಅವರು ಒಂದು ಯಂತ್ರ ಕಾರ್ಯಾಗಾರವನ್ನೂ ಇಲ್ಲಿ ತೆರೆದರು. ಮುಂದೆ 1946ರಲ್ಲಿ ಕದ್ರಿ ಗುಡ್ಡದ ಮೇಲೆ ಕರ್ನಾಟಕ ಪಾಲಿಟೆಕ್ನಿಕ್ ಆರಂಭವಾಯಿತು. 1960ರಲ್ಲಿ ಸುರತ್ಕಲ್ಲಿನಲ್ಲಿ ಇಂಜಿನಿಯರಿಂಗ್ ಕಾಲೇಜು ತಲೆಯೆತ್ತಿತು. 1975ರಲ್ಲಿ ಪಣಂಬೂರಿನ ನವಮಂಗಳೂರು ಬಂದರಿನ ಉದ್ಘಾಟನೆಯಾಯಿತು. ಅದರ ನೆರೆಯ ಬೈಕಂಪಾಡಿಯ ಕೈಗಾರಿಕಾ ಪ್ರದೇಶದಲ್ಲಿ ಇಂದು ಲೋಹದ ಕೆಲಸದ ಸಣ್ಣ ದೊಡ್ಡ ಘಟಕಗಳಿವೆ. ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರದ ಶಾಖೆಯೂ ಅಲ್ಲಿದೆ. ಆ ದಾರಿಯಲ್ಲಿ ನಡೆದು ಹೋಗುವಾಗ, ತೆರೆದ ಬಾಗಿಲುಗಳಿಂದ ಕಾದ ಎಣ್ಣೆಯ ವಾಸನೆಯೂ ಲೋಹ ಕಡೆಯುವ ಸದ್ದೂ ಹೊರಬರುತ್ತಿರುತ್ತವೆ. ಒಳಗೆ ಇಣುಕಿದರೆ ಹಿಡಿಚಕ್ರಗಳ ಲೇತಿನ ಪಕ್ಕದಲ್ಲಿಯೇ ಇನ್ನೊಂದು ಬಗೆಯ ಯಂತ್ರವು ಕಾಣಬಹುದು. ಅದು ಬೀರುವಿನಂತೆ ಮುಚ್ಚಿಕೊಂಡಿರುತ್ತದೆ. ಅದರ ಬಾಗಿಲಿಗೆ ಗಾಜಿನ ಕಿಟಕಿ. ಪಕ್ಕದಲ್ಲಿ ಒಂದು ಪರದೆ, ಸಾಲು ಸಾಲು ಗುಂಡಿಗಳು. ಕೆಲಸಗಾರನ ಕೈ ಚಕ್ರದ ಮೇಲಿಲ್ಲ. ಟೂಲು ತಾನಾಗಿಯೇ ಮುಂದೆ ಬರುತ್ತದೆ, ಕಡೆಯುತ್ತದೆ, ಹಿಂದೆ ಸರಿಯುತ್ತದೆ. ಇದೇ ಸಿ.ಎನ್.ಸಿ. ಯಂತ್ರ, ಎಂದರೆ ಗಣಕದ ಮೂಲಕ, ಸಂಖ್ಯೆಗಳಿಂದ ನಿಯಂತ್ರಿಸಲ್ಪಡುವ ಯಂತ್ರ.

ಸಂಖ್ಯೆಗಳಿಂದ ಯಂತ್ರವನ್ನು ನಡೆಸಬಹುದೆಂಬ ವಿಚಾರ ಹುಟ್ಟಿದ ಬಗೆ ಸ್ವಾರಸ್ಯವಾಗಿದೆ. ಎರಡನೆಯ ಮಹಾಯುದ್ಧದ ಅನಂತರ ಅಮೆರಿಕದಲ್ಲಿ ಜಾನ್ ಪಾರ್ಸನ್ಸ್ ಎಂಬುವರು ಹೆಲಿಕಾಪ್ಟರಿನ ರೆಕ್ಕೆಗಳನ್ನು ತಯಾರಿಸುವ ಕೆಲಸದಲ್ಲಿದ್ದರು. ಆ ರೆಕ್ಕೆಯ ಬಾಗು ಎಲ್ಲಿಯೂ ಒಂದೇ ತೆರನಾಗಿಲ್ಲ. ಅದನ್ನು ಕಣ್ಣಳತೆಯಿಂದ ರೂಪಿಸುವ ಬದಲು, ಬಾಗಿನ ಮೇಲಿನ ನೂರಾರು ಬಿಂದುಗಳ ಸ್ಥಾನಗಳನ್ನು ಲೆಕ್ಕಹಾಕಿ, ಆ ಅಂಕಿಗಳನ್ನೇ ಯಂತ್ರಕ್ಕೆ ಒಪ್ಪಿಸಿದರೆ ಹೇಗೆ ಎಂದು ಅವರು ಯೋಚಿಸಿದರು. ಈ ಯೋಚನೆಯನ್ನು ಮುಂದುವರಿಸಿದ ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯ ಪ್ರಯೋಗಾಲಯವು 1952ರಲ್ಲಿ ಅಂತಹ ಮಿಲ್ಲಿಂಗ್ ಯಂತ್ರವೊಂದನ್ನು ನಡೆಸಿ ತೋರಿಸಿತು. ಅಂಕಿಗಳನ್ನು ಕಾಗದದ ಪಟ್ಟಿಯಲ್ಲಿ ತೂತುಗಳಾಗಿ ಕೊರೆದು ಯಂತ್ರಕ್ಕೆ ಉಣಿಸಲಾಗುತ್ತಿತ್ತು. 1970ರ ದಶಕದಲ್ಲಿ ಗಣಕವು ಕಿರಿದಾಗಿ ಅಗ್ಗವಾದಂತೆ, ಅದು ಯಂತ್ರದ ಮಗ್ಗುಲಲ್ಲಿಯೇ ನೆಲೆಸಿತು. ಕಾಗದದ ಪಟ್ಟಿ ಕ್ರಮೇಣ ಮರೆಯಾಯಿತು.

ನಮ್ಮ ರಾಜ್ಯದ ಮಟ್ಟಿಗೆ ಯಂತ್ರಗಳನ್ನೇ ತಯಾರಿಸುವ ಯಂತ್ರಗಳಿಗೆ ಬೆಂಗಳೂರು ತವರಾಯಿತು. ಅಲ್ಲಿ 1953ರಲ್ಲಿ ಹಿಂದೂಸ್ತಾನ್ ಮೆಷಿನ್ ಟೂಲ್ಸ್ ಸಂಸ್ಥೆಯೂ, 1962ರಲ್ಲಿ ಯಂತ್ರೋಪಕರಣಗಳ ಸಂಶೋಧನೆಗಾಗಿ ಒಂದು ಕೇಂದ್ರ ಸಂಸ್ಥೆಯೂ ಸ್ಥಾಪಿತವಾದವು. 1979ರಲ್ಲಿ ಆರಂಭವಾದ ಏಸ್ ಡಿಸೈನರ್ಸ್ ಸಂಸ್ಥೆಯು ಸಿ.ಎನ್.ಸಿ. ಲೇತುಗಳ ತಯಾರಿಕೆಯಲ್ಲಿ ಹೆಸರು ಗಳಿಸಿತು. ಹೊರನಾಡಿನಿಂದ ತರಿಸಿದ ಯಂತ್ರಗಳ ಜೊತೆಗೆ ನಮ್ಮ ನಾಡಿನಲ್ಲಿಯೇ ಕಟ್ಟಿದ ಯಂತ್ರಗಳೂ ಹೀಗೆ ಕಾರ್ಯಾಗಾರಗಳನ್ನು ಸೇರಿದವು.

ಈ ಯಂತ್ರವು ಅಂಕಿಗಳನ್ನು ಅರ್ಥಮಾಡಿಕೊಳ್ಳುವುದು ಹೇಗೆ? ನೀವು ಗಣಿತದಲ್ಲಿ ನಕ್ಷಾಕಾಗದದ ಮೇಲೆ ಬಿಂದುಗಳನ್ನು ಗುರುತಿಸುವುದನ್ನು ಕಲಿತಿದ್ದೀರಿ. ಎಕ್ಸ್ ಅಕ್ಷದ ಮೇಲೆ ಇಷ್ಟು, ವೈ ಅಕ್ಷದ ಮೇಲೆ ಇಷ್ಟು ಎಂದರೆ ಬಿಂದು ನಿಶ್ಚಯವಾಗುತ್ತದೆ. ಸಿ.ಎನ್.ಸಿ. ಯಂತ್ರವು ಇದೇ ಗಣಿತದಿಂದ ನಡೆಯುತ್ತದೆ. ಲೇತಿನಲ್ಲಿ ಜಾಬಿನ ಉದ್ದದ ದಿಕ್ಕಿಗೆ ಝಡ್ ಎಂದೂ, ಅಡ್ಡ ದಿಕ್ಕಿಗೆ ಎಕ್ಸ್ ಎಂದೂ ಹೆಸರು. ಪ್ರತಿಯೊಂದು ದಿಕ್ಕಿಗೂ ಒಂದೊಂದು ಮೋಟಾರು, ನಯವಾಗಿ ತಿರುಗುವ ಒಂದೊಂದು ತಿರುಪು, ಎಷ್ಟು ಸರಿದೆವೆಂದು ಕ್ಷಣಕ್ಷಣಕ್ಕೂ ವರದಿ ಮಾಡುವ ಒಂದೊಂದು ಅಳತೆಯ ಸಾಧನ ಇರುತ್ತವೆ. ಆಜ್ಞೆಗಳನ್ನು ಸಾಲು ಸಾಲಾಗಿ ಬರೆಯಬೇಕು. ಜಿ00 ಎಂದರೆ ‘ವೇಗವಾಗಿ ಸರಿ’. ಜಿ01 ಎಂದರೆ ‘ಹೇಳಿದ ವೇಗದಲ್ಲಿ ನೇರವಾಗಿ ಕಡೆಯುತ್ತ ಸರಿ’. ಜಿ02, ಜಿ03 ಎಂದರೆ ‘ವೃತ್ತಾಕಾರವಾಗಿ ಸರಿ’. ಎಂ03 ಎಂದರೆ ‘ತಿರುಗಲಾರಂಭಿಸು’; ಎಂ08 ಎಂದರೆ ‘ತಂಪುದ್ರವವನ್ನು ಬಿಡು’; ಎಂ30 ಎಂದರೆ ‘ಕೆಲಸ ಮುಗಿಯಿತು’. ಇಂತಹ ಸಾಲುಗಳ ಸರಣಿಗೆ ಪ್ರೋಗ್ರಾಂ ಎನ್ನುತ್ತಾರೆ. ಅದನ್ನು ಓದಿ ಮೋಟಾರುಗಳಿಗೆ ಅಪ್ಪಣೆ ಕೊಡುವ ಗಣಕವೇ ನಿಯಂತ್ರಕ. ಕೆಲಸಗಾರರು ಅದನ್ನು ‘ಕಂಟ್ರೋಲ್’ ಎಂದು ಕರೆಯುತ್ತಾರೆ.

ಯಂತ್ರವನ್ನು ಕಟ್ಟುವವರು ಒಬ್ಬರಾದರೆ, ಅನೇಕ ಸಲ ಅದರ ನಿಯಂತ್ರಕವನ್ನು ಮಾಡುವವರು ಇನ್ನೊಬ್ಬರು. ಜಪಾನಿನ ಫ್ಯಾನಕ್, ಜರ್ಮನಿಯ ಸೀಮೆನ್ಸ್ ಮತ್ತು ಹೈಡನ್‌ಹೈನ್ ಇವು ಪ್ರಸಿದ್ಧ ನಿಯಂತ್ರಕಗಳ ತಯಾರಕ ಸಂಸ್ಥೆಗಳು. ಜಪಾನಿನ ಮಜಾಕ್, ಅಮೆರಿಕದ ಹಾಸ್ ಮೊದಲಾದ ಸಂಸ್ಥೆಗಳು ತಮ್ಮ ಯಂತ್ರಗಳಿಗೆ ತಮ್ಮದೇ ಹೆಸರಿನ ನಿಯಂತ್ರಕಗಳನ್ನು ಜೋಡಿಸುತ್ತವೆ. ಆಜ್ಞೆಗಳ ಬರವಣಿಗೆಗೆ 1982ರಲ್ಲಿ ಒಂದು ಅಂತರರಾಷ್ಟ್ರೀಯ ಮಾನಕವು ಪ್ರಕಟವಾದರೂ, ಅಷ್ಟರಲ್ಲಿ ಒಂದೊಂದು ಸಂಸ್ಥೆಯೂ ತನ್ನದೇ ಜಾಡು ಹಿಡಿದಾಗಿತ್ತು. ಮೂಲ ಆಜ್ಞೆಗಳು ಎಲ್ಲರಿಗೂ ಸಮಾನವಾಗಿ ಉಳಿದವು. ಉಳಿದವು ಬೇರೆ ಬೇರೆಯಾದವು. ಹೀಗಾಗಿ ಒಂದು ನಿಯಂತ್ರಕದಲ್ಲಿ ಪಳಗಿದವನು ಇನ್ನೊಂದರ ಮುಂದೆ ನಿಂತಾಗ, ನೆರೆನಾಡಿಗೆ ಹೋದ ಪ್ರಯಾಣಿಕನಂತೆ ಆಗುತ್ತಾನೆ. ಕೆಲವು ಮಾತು ತಿಳಿಯುತ್ತದೆ, ಕೆಲವು ತಿಳಿಯುವುದಿಲ್ಲ. ಇನ್ನು ಕೆಲವು ತಿಳಿದಂತೆ ತೋರಿ ಮೋಸಗೊಳಿಸುತ್ತವೆ.

ಈ ಕೊನೆಯ ಬಗೆಯೇ ಅಪಾಯಕಾರಿಯಾದದ್ದು. ಮಂಗಳೂರಿನವರಿಗೆ ಇದನ್ನು ಹೆಚ್ಚಾಗಿ ವಿವರಿಸಬೇಕಾಗಿಲ್ಲ. ಇಲ್ಲಿ ಒಂದೇ ಬೀದಿಯಲ್ಲಿ ತುಳು, ಕನ್ನಡ, ಕೊಂಕಣಿ, ಬ್ಯಾರಿ ಭಾಷೆಗಳು ಕೇಳಿಬರುತ್ತವೆ. ತುಳುವಿನವರು ಮನೆಗೆ ಬಂದವರನ್ನು ‘ಬಲೆ’ ಎಂದು ಆದರದಿಂದ ಕರೆಯುತ್ತಾರೆ. ಅದರ ಅರ್ಥ ‘ಬನ್ನಿ’ ಎಂದು. ತುಳುವನ್ನು ಅರಿಯದೆ ಘಟ್ಟದ ಮೇಲಿನಿಂದ ಬಂದ ಕನ್ನಡಿಗನು ಮೀನು ಹಿಡಿಯುವ ಬಲೆ ಎಲ್ಲಿದೆಯೆಂದು ಸುತ್ತ ನೋಡಿದರೆ ಆಶ್ಚರ್ಯವಿಲ್ಲ. ಮನುಷ್ಯರ ನಡುವೆ ಇಂತಹ ತಪ್ಪು ನಗುವಿನಲ್ಲಿ ಮುಗಿಯುತ್ತದೆ. ಯಂತ್ರದ ಎದುರಿನಲ್ಲಿ ಹಾಗೆ ಮುಗಿಯುವುದಿಲ್ಲ.

ಉದಾಹರಣೆಗೆ ಜಿ71 ಎಂಬ ಆಜ್ಞೆಯನ್ನು ತೆಗೆದುಕೊಳ್ಳಿ. ಫ್ಯಾನಕ್ ನಿಯಂತ್ರಕವಿರುವ ಲೇತಿಗೆ ಅದು ‘ಹೆಚ್ಚಿನ ಲೋಹವನ್ನು ಪದರ ಪದರವಾಗಿ ಕಡೆದು ತೆಗೆ’ ಎಂದು ಹೇಳುವ ಮಾತು. ಸೀಮೆನ್ಸ್ ನಿಯಂತ್ರಕದ ಸ್ವಂತ ಭಾಷೆಯಲ್ಲಿ ಅದೇ ಜಿ71ಕ್ಕೆ ‘ಅಳತೆಗಳನ್ನು ಮಿಲಿಮೀಟರಿನಲ್ಲಿ ಓದು’ ಎಂದಷ್ಟೇ ಅರ್ಥ. ಇನ್ನು ಜಿ98ರ ಕಥೆ ಕೇಳಿ. ಇಲ್ಲಿ ಸಂಸ್ಥೆಯೂ ಬದಲಾಗಬೇಕಾಗಿಲ್ಲ. ಫ್ಯಾನಕ್ಕಿನದೇ ಸಾಮಾನ್ಯ ಬಳಕೆಯ ಲೇತಿನಲ್ಲಿ ಅದು ‘ಟೂಲಿನ ವೇಗವನ್ನು ನಿಮಿಷಕ್ಕೆ ಇಷ್ಟು ಮಿಲಿಮೀಟರು ಎಂದು ತಿಳಿ’ ಎನ್ನುತ್ತದೆ. ಮಿಲ್ಲಿಂಗ್ ಯಂತ್ರದಲ್ಲಿ ‘ತೂತು ಕೊರೆದ ಮೇಲೆ ಮೊದಲಿದ್ದ ಎತ್ತರಕ್ಕೆ ಹಿಂದಿರುಗು’ ಎನ್ನುತ್ತದೆ. ಲೇತಿನ ಕೆಲಸದಲ್ಲಿ ಟೂಲಿನ ವೇಗವನ್ನು ಸಾಮಾನ್ಯವಾಗಿ ಸುತ್ತಿಗೆ ಇಷ್ಟು ಎಂದು ಹೇಳುವುದು ವಾಡಿಕೆ. ಸುತ್ತಿಗೆ 0.2 ಮಿಲಿಮೀಟರು ಎಂಬುದು ಯೋಗ್ಯವಾದ ವೇಗ. ಅದೇ ಅಂಕಿಯನ್ನು ಯಂತ್ರವು ನಿಮಿಷಕ್ಕೆ 0.2 ಮಿಲಿಮೀಟರು ಎಂದು ತಿಳಿದುಕೊಂಡರೆ ಟೂಲು ನಿಂತಲ್ಲಿಯೇ ನಿಂತಂತೆ ಕಾಣುತ್ತದೆ. ನಿಮಿಷಕ್ಕೆ 150 ಎಂದು ಬರೆದುದನ್ನು ಸುತ್ತಿಗೆ 150 ಎಂದು ತಿಳಿದುಕೊಂಡರೆ ಆಗುವ ಅನಾಹುತವನ್ನು ನೀವೇ ಊಹಿಸಿಕೊಳ್ಳಿ.

ಎಲ್ಲಕ್ಕಿಂತ ಹೆಚ್ಚಾಗಿ ಕೆಲಸಗಾರರು ನೆನೆಯುವುದು ದಶಮಾಂಶ ಬಿಂದುವನ್ನು. ಸೀಮೆನ್ಸ್ ನಿಯಂತ್ರಕದಲ್ಲಿ ಎಕ್ಸ್50 ಎಂದು ಬರೆದರೆ ಅದು 50 ಮಿಲಿಮೀಟರು. ಫ್ಯಾನಕ್ ನಿಯಂತ್ರಕವುಳ್ಳ ಎಷ್ಟೋ ಯಂತ್ರಗಳನ್ನು ಸಿದ್ಧಪಡಿಸಿರುವ ರೀತಿಯಲ್ಲಿ, ಬಿಂದುವಿಲ್ಲದ 50 ಎಂದರೆ 50 ಮೈಕ್ರಾನ್. ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗದಂತೆ ಐವತ್ತು ಭಾಗ, ಒಟ್ಟು 0.05 ಮಿಲಿಮೀಟರು. ಅಲ್ಲಿ 50 ಮಿಲಿಮೀಟರು ಬೇಕಾದರೆ 50ರ ಮುಂದೆ ಬಿಂದುವನ್ನು ಇಡಲೇಬೇಕು. ಲೇತಿನಲ್ಲಿ ಎಕ್ಸ್ ಎಂಬುದು ವಾಡಿಕೆಯಂತೆ ವ್ಯಾಸದ ಅಳತೆ. ಜಾಬಿನಿಂದ ದೂರದಲ್ಲಿ 50 ಮಿಲಿಮೀಟರು ವ್ಯಾಸದಲ್ಲಿ ನಿಲ್ಲಬೇಕಾದ ಟೂಲಿಗೆ, ಬಿಂದು ಮರೆತ ಕಾರಣದಿಂದ, ಜಾಬಿನ ನಟ್ಟನಡುವಿಗೆ ನುಗ್ಗೆಂದು ಅಪ್ಪಣೆಯಾಗುತ್ತದೆ. ಯಂತ್ರವು ಆ ಅಪ್ಪಣೆಯನ್ನು ಪಾಲಿಸಲು ಹೊರಡುತ್ತದೆ. ಬರೆದವನ ಮನಸ್ಸಿನಲ್ಲಿ ಏನಿತ್ತೆಂದು ಅದು ಕೇಳುವುದಿಲ್ಲ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಇಲ್ಲಿಯ ಕಾರ್ಯಾಗಾರವೊಂದರಲ್ಲಿ ಕೆಲಸಕ್ಕಿದ್ದಾನೆ. ಮೊದಲ ಕೆಲವು ವರ್ಷ ಒಂದೇ ಬಗೆಯ ನಿಯಂತ್ರಕದಲ್ಲಿ ದುಡಿದ ಅವನನ್ನು ಒಂದು ದಿನ ಬೇರೆ ನಿಯಂತ್ರಕದ ಲೇತಿಗೆ ಕಳುಹಿಸಿದರಂತೆ. ಹಳೆಯ ಅಭ್ಯಾಸದಂತೆ ಒಂದು ಸಾಲಿನಲ್ಲಿ ಬಿಂದುವನ್ನು ಬಿಟ್ಟು ಬರೆದಿದ್ದನು. ಆದರೆ ಅವನಿಗೆ ವಿದ್ಯೆ ಕಲಿಸಿದ ಹಿರಿಯ ಟರ್ನರನು ಇನ್ನೊಂದು ಅಭ್ಯಾಸವನ್ನೂ ಮಾಡಿಸಿದ್ದನು. ಹೊಸ ಪ್ರೋಗ್ರಾಮನ್ನು ಮೊದಲ ಸಲ ಓಡಿಸುವಾಗ ಒಂದೊಂದೇ ಸಾಲನ್ನು ನಡೆಸಬೇಕು, ವೇಗವನ್ನು ಅತಿ ಕಡಿಮೆಗೆ ಇಳಿಸಬೇಕು, ಬೆರಳು ತಡೆಯುವ ಗುಂಡಿಯ ಮೇಲೆಯೇ ಇರಬೇಕು. ಹೀಗಾಗಿ ಟೂಲು ಜಾಬಿನ ಕಡೆಗೆ ಅಂಗುಲಂಗುಲವಾಗಿ ಸರಿಯುತ್ತ ಬಂದಾಗ, ಪರದೆಯ ಮೇಲೆ ಇನ್ನೆಷ್ಟು ದೂರ ಸರಿಯಬೇಕೆಂದು ತೋರಿಸುವ ಅಂಕಿಯನ್ನು ನೋಡಿ ಅವನು ಬೆಚ್ಚಿ ನಿಲ್ಲಿಸಿದನು. “ಸರ್, ಶಾಲೆಯಲ್ಲಿ ಬಿಂದು ಮರೆತರೆ ಒಂದು ಅಂಕ ಹೋಗ್ತಿತ್ತು. ಇಲ್ಲಿ ಮರೆತರೆ ಟೂಲೇ ಹೋಗ್ತದೆ. ಜಾಬ್ ಚಕ್ಕಿನಿಂದ ಹಾರಿದರೆ ಮನುಷ್ಯನೇ ಹೋದಾನು” ಎಂದು ಅವನು ನನಗೆ ಹೇಳಿದನು. ಅಂದಿನಿಂದ ಅವನು ಯಾವ ಯಂತ್ರವಾದರೂ ಸರಿ, ಬಿಂದು ಬೇಕಿರಲಿ ಬೇಡದಿರಲಿ, ಪ್ರತಿ ಅಳತೆಗೂ ಬಿಂದುವನ್ನು ಇಟ್ಟೇ ಬರೆಯುತ್ತಾನೆ. ಇಟ್ಟರೆ ಎರಡು ಕಡೆಯೂ ನಷ್ಟವಿಲ್ಲ. ಬಿಟ್ಟರೆ ಒಂದು ಕಡೆ ಅಪಾಯವುಂಟು.

ನಿಯಂತ್ರಕಗಳಲ್ಲಿ ಯಾವುದು ಮೇಲು ಎಂದು ಕೇಳಿದರೆ ಕೆಲಸಗಾರರು ಒಮ್ಮತದ ಉತ್ತರ ಕೊಡುವುದಿಲ್ಲ. ಫ್ಯಾನಕ್ಕಿನಲ್ಲಿ ಪಳಗಿದವರು ಅದು ಮಿತಭಾಷಿ, ಹೇಳಿದಷ್ಟನ್ನು ಮಾಡುತ್ತದೆ ಎಂದು ಹೊಗಳುತ್ತಾರೆ. ಸೀಮೆನ್ಸ್ ಬಲ್ಲವರು ಅದರ ಪರದೆಯ ಮೇಲೆ ಜಾಬಿನ ಚಿತ್ರವೇ ಮೂಡುವುದನ್ನು ಮೆಚ್ಚುತ್ತಾರೆ. ಹೈಡನ್‌ಹೈನ್ ನಿಯಂತ್ರಕದಲ್ಲಿ ನೇರಗೆರೆಗೆ ಒಂದು ಗುಂಡಿ, ವೃತ್ತಕ್ಕೆ ಒಂದು ಗುಂಡಿ. ಒತ್ತಿದೊಡನೆ ಅದು ‘ಎಲ್ಲಿಗೆ? ಯಾವ ವೇಗದಲ್ಲಿ?’ ಎಂಬಂತೆ ಒಂದೊಂದಾಗಿ ಪ್ರಶ್ನೆ ಕೇಳುತ್ತದೆ. ಮಜಾಕ್ ಸಂಸ್ಥೆಯು 1981ರಲ್ಲಿ ಹೊರತಂದ ನಿಯಂತ್ರಕವೂ ಇದೇ ಸಂವಾದದ ಜಾತಿಗೆ ಸೇರಿದ್ದು. ಲೋಹ ಯಾವುದು, ಆಕಾರ ಎಂತಹದು ಎಂದು ತಿಳಿಸಿದರೆ ಟೂಲಿನ ದಾರಿಯನ್ನು ಅದೇ ಲೆಕ್ಕಹಾಕುತ್ತದೆ. ಒಂದೆರಡು ಜಾಬುಗಳನ್ನು ಬೇಗನೆ ಮಾಡಿಕೊಡಬೇಕಾದಾಗ ಇದು ಬಹಳ ಅನುಕೂಲ. ಆದರೆ ಮೊದಲಿನಿಂದಲೂ ಸಾಲುಸಾಲಾಗಿ ಬರೆದು ರೂಢಿಯಾದವರು, ಮುಂದಿನ ಹೆಜ್ಜೆ ಯಾವುದೆಂದು ತಾವೇ ಓದಿ ತಿಳಿಯಬಹುದಾದ ಹಳೆಯ ರೀತಿಯನ್ನೇ ನೆಚ್ಚುತ್ತಾರೆ. ಇದು ಮಾತೃಭಾಷೆಯ ಮೇಲಣ ಮಮತೆಯಂತೆ. ಮೊದಲು ಕಲಿತದ್ದೇ ನಾಲಗೆಗೆ ಸುಲಭ.

ಗುಂಡಿಗಳ ವಿಷಯದಲ್ಲಿಯೂ ಎಚ್ಚರ ಬೇಕು. ಕಡೆದಂತೆಲ್ಲ ಟೂಲಿನ ಮೊನೆ ಸವೆಯುತ್ತದೆ. ಜಾಬಿನ ವ್ಯಾಸವು 0.02 ಮಿಲಿಮೀಟರಿನಷ್ಟು ಹೆಚ್ಚಾಗಿ ಬರಲಾರಂಭಿಸುತ್ತದೆ. ಆಗ ಕೆಲಸಗಾರನು ಟೂಲಿನ ತಿದ್ದುಪಡಿಯ ಅಂಕಿಯಿಂದ ಅಷ್ಟನ್ನು ಕಳೆಯಬೇಕು. ಫ್ಯಾನಕ್ ನಿಯಂತ್ರಕದಲ್ಲಿ ಇದಕ್ಕೆ ಅಕ್ಕಪಕ್ಕದಲ್ಲಿ ಎರಡು ಗುಂಡಿಗಳಿರುತ್ತವೆ. ಒಂದು ಗುಂಡಿಯು ಹಳೆಯ ಅಂಕಿಯನ್ನು ಅಳಿಸಿ ಹೊಸದನ್ನು ಬರೆಯುತ್ತದೆ. ಇನ್ನೊಂದು ಹಳೆಯ ಅಂಕಿಗೆ ಹೊಸದನ್ನು ಕೂಡಿಸುತ್ತದೆ. ಒಂದರ ಬದಲು ಇನ್ನೊಂದನ್ನು ಒತ್ತಿದರೆ ಆವರೆಗೆ ಮಾಡಿಕೊಂಡು ಬಂದ ತಿದ್ದುಪಡಿಯೆಲ್ಲ ಅಳಿಸಿಹೋಗಿ ಮುಂದಿನ ಜಾಬು ಕೆಡುತ್ತದೆ. ಆದಕಾರಣ ಜಾಗರೂಕನಾದ ಕೆಲಸಗಾರನು ಒಂದು ಪುಟ್ಟ ಪುಸ್ತಕವನ್ನು ಇಟ್ಟುಕೊಂಡು, ಹಳೆಯ ಅಂಕಿ ಎಷ್ಟಿತ್ತು, ಎಷ್ಟು ಬದಲಿಸಿದೆ, ಅಳತೆ ಎಷ್ಟು ಬಂತು ಎಂಬುದನ್ನು ಬರೆದಿಡುತ್ತಾನೆ.

ಹೀಗೆ ಭಾಷೆಗಳು ಹಲವಾದರೂ ಅವುಗಳ ಹಿಂದಿರುವ ವಿಷಯ ಒಂದೇ. ಉಕ್ಕಿಗೆ ಫ್ಯಾನಕ್ ಯಾವುದು, ಸೀಮೆನ್ಸ್ ಯಾವುದು ಎಂಬುದು ತಿಳಿಯದು. ಅದಕ್ಕೆ ತಿಳಿಯುವುದು ಟೂಲು ಅದರ ಮೇಲೆ ಎಷ್ಟು ವೇಗವಾಗಿ ಹಾಯುತ್ತದೆ, ಎಷ್ಟು ಆಳಕ್ಕೆ ಇಳಿಯುತ್ತದೆ ಎಂಬುದು ಮಾತ್ರ. ಇದನ್ನು ಲೆಕ್ಕಹಾಕಲು ನೀವು ಕಲಿತಿರುವ ವೃತ್ತದ ಪರಿಧಿಯ ಸೂತ್ರವೇ ಸಾಕು. ಒಂದು ಉಕ್ಕಿನ ಸರಳಿನ ವ್ಯಾಸ 40 ಮಿಲಿಮೀಟರು ಎನ್ನೋಣ. ಅದರ ಮೇಲ್ಮೈ ಟೂಲಿನ ಮುಂದೆ ನಿಮಿಷಕ್ಕೆ 120 ಮೀಟರಿನಂತೆ ಹಾಯಬೇಕಾಗಿದೆ. ಒಂದು ಸುತ್ತಿಗೆ ಹಾಯುವ ದೂರವೆಂದರೆ ಪರಿಧಿ. ಅದು 40ನ್ನು 3.14ರಿಂದ ಗುಣಿಸಿದಾಗ ಬರುವ ಸುಮಾರು 125.6 ಮಿಲಿಮೀಟರು. 120 ಮೀಟರು, ಎಂದರೆ 1,20,000 ಮಿಲಿಮೀಟರನ್ನು 125.6ರಿಂದ ಭಾಗಿಸಿದರೆ ಸುಮಾರು 955. ನಿಮಿಷಕ್ಕೆ ಅಷ್ಟು ಸುತ್ತು ತಿರುಗಿಸಬೇಕು. ವ್ಯಾಸವು 20 ಮಿಲಿಮೀಟರಿಗೆ ಇಳಿದರೆ ಸುತ್ತುಗಳು ಇಮ್ಮಡಿಯಾಗಿ 1910 ಆಗಬೇಕು.

ಈ ಲೆಕ್ಕವನ್ನು ಯಂತ್ರವೇ ಮಾಡಿಕೊಳ್ಳುವಂತೆ ಜಿ96 ಎಂಬ ಆಜ್ಞೆಯುಂಟು. ಅದನ್ನು ಕೊಟ್ಟರೆ ವ್ಯಾಸ ಕಡಿಮೆಯಾದಂತೆಲ್ಲ ಯಂತ್ರವು ಸುತ್ತುಗಳನ್ನು ಹೆಚ್ಚಿಸುತ್ತ ಹೋಗುತ್ತದೆ. ಆದರೆ ಟೂಲು ಜಾಬಿನ ಮುಖವನ್ನು ಕಡೆಯುತ್ತ ನಡುವಿನ ಕಡೆಗೆ ಹೋದಾಗ ವ್ಯಾಸ ಸೊನ್ನೆಯನ್ನು ಸಮೀಪಿಸುತ್ತದೆ. ಸೊನ್ನೆಯಿಂದ ಭಾಗಿಸಿದರೆ ಏನಾಗುತ್ತದೆಂದು ಗಣಿತದ ಉಪಾಧ್ಯಾಯರು ನಿಮಗೆ ಹೇಳಿದ್ದಾರಷ್ಟೆ. ಯಂತ್ರವು ತನ್ನ ಶಕ್ತಿಯಿದ್ದಷ್ಟೂ ವೇಗವಾಗಿ ತಿರುಗಲು ಹೊರಡುತ್ತದೆ. ಚಕ್ಕಿನ ಹಿಡಿತ ಸಡಿಲವಾಗಿ ಜಾಬು ಹಾರುವ ಅಪಾಯವುಂಟಾಗುತ್ತದೆ. ಅದಕ್ಕಾಗಿ ‘ಇಷ್ಟು ಸುತ್ತುಗಳನ್ನು ಮೀರಬೇಡ’ ಎಂಬ ಮಿತಿಯನ್ನು ಮೊದಲೇ ವಿಧಿಸಬೇಕು. ಫ್ಯಾನಕ್ಕಿನ ಲೇತಿನಲ್ಲಿ ಆ ಮಿತಿಯನ್ನು ಸಾಮಾನ್ಯವಾಗಿ ಜಿ50ರಿಂದ ಹೇಳುತ್ತಾರೆ. ಸೀಮೆನ್ಸಿನಲ್ಲಿ ಲಿಮ್ಸ್ ಎಂಬ ಪದದಿಂದ ಹೇಳುತ್ತಾರೆ. ಪದ ಬೇರೆಯಾದರೂ ಹೇಳಬೇಕಾದ ಕಾರಣ ಒಂದೇ. ಗುಂಡಿಗಳನ್ನಷ್ಟೇ ಬಾಯಿಪಾಠ ಮಾಡಿದವನು ಹೊಸ ಯಂತ್ರದ ಮುಂದೆ ಜಿ50ನ್ನು ಹುಡುಕಿ, ಸಿಕ್ಕದಿದ್ದರೆ ಬಿಟ್ಟುಬಿಟ್ಟಾನು. ಕಾರಣವನ್ನು ತಿಳಿದವನು, ‘ಇಲ್ಲಿ ಮಿತಿಯನ್ನು ಹೇಳುವ ಮಾತು ಯಾವುದು?’ ಎಂದು ಕೇಳಿ ತಿಳಿದುಕೊಂಡೇ ಮುಂದುವರಿಯುತ್ತಾನೆ. ಇಬ್ಬರ ನಡುವಿನ ಅಂತರ ಇಷ್ಟೇ. ಆದರೆ ಒಂದು ಜೀವದ ಅಳಿವು ಉಳಿವು ಈ ಅಂತರದಲ್ಲಿರಬಹುದು.

ನಿಯಂತ್ರಕವು ಹೇಳದ ವಿಷಯಗಳೂ ಹಲವುಂಟು. ಕಡೆಯುವಾಗ ಜಾಬು ಬಿಸಿಯೇರುತ್ತದೆ. ಬಿಸಿಯಾದ ಉಕ್ಕು ಹಿಗ್ಗುತ್ತದೆ. 100 ಮಿಲಿಮೀಟರು ವ್ಯಾಸದ ಉಕ್ಕಿನ ಬಿಲ್ಲೆಯು ಹತ್ತು ಡಿಗ್ರಿ ಸೆಲ್ಸಿಯಸ್ ಹೆಚ್ಚು ಬಿಸಿಯಾದರೆ ಸುಮಾರು 0.012 ಮಿಲಿಮೀಟರಿನಷ್ಟು ದೊಡ್ಡದಾಗುತ್ತದೆ. ಬಿಸಿಯಾಗಿರುವಾಗಲೇ ಅಳೆದು ‘ಸರಿಯಾಗಿದೆ’ ಎಂದು ಕಳುಹಿಸಿದ ಜಾಬು ತಣಿದ ಮೇಲೆ ಅಳತೆಗೆ ಕಿರಿದಾಗಿರುತ್ತದೆ. ಮಂಗಳೂರಿನಂತಹ ಕಡಲತಡಿಯಲ್ಲಿ ಉಪ್ಪುಗಾಳಿಯದೊಂದು ಉಪದ್ರವ. ಹೊಳೆಯುವಂತೆ ಕಡೆದ ಉಕ್ಕನ್ನು ಎಣ್ಣೆ ಸವರದೆ ಇಟ್ಟರೆ, ಅದರಲ್ಲಿಯೂ ಮಳೆಗಾಲದಲ್ಲಿ, ಬೇಗನೆ ತುಕ್ಕಿನ ಚುಕ್ಕೆಗಳು ಏಳುತ್ತವೆ. ಟೂಲಿನ ಮೊನೆ ಮೊಂಡಾದಾಗ ಲೋಹದ ಸದ್ದು ಬದಲಾಗುತ್ತದೆ, ಸುರುಳಿಯ ಬಣ್ಣ ಬದಲಾಗುತ್ತದೆ. ಸದ್ದಿನ ಈ ವ್ಯತ್ಯಾಸವನ್ನು ಪಳಗಿದ ಕಿವಿಯು ಪರದೆಗಿಂತ ಮೊದಲೇ ಹಿಡಿಯುವುದುಂಟು. ಹಿಡಿಚಕ್ರದ ಲೇತಿನಲ್ಲಿ ವರ್ಷಗಟ್ಟಲೆ ದುಡಿದವರು ಸಿ.ಎನ್.ಸಿ. ಯಂತ್ರಕ್ಕೆ ಬಂದಾಗ ಅಕ್ಷರಗಳ ಮುಂದೆ ಮೊದಮೊದಲು ತಡವರಿಸಿದರೂ, ಈ ಕಿವಿಯ ಬಲದಿಂದ ಬಹುಬೇಗ ಮುಂದೆ ಹೋಗುತ್ತಾರೆ.

ನಿಮ್ಮಲ್ಲಿ ಕೆಲವರು ಮುಂದೆ ಕೈಗಾರಿಕಾ ತರಬೇತಿ ಸಂಸ್ಥೆಗೋ ಪಾಲಿಟೆಕ್ನಿಕ್ಕಿಗೋ ಸೇರಬಹುದು. ಈ ಯಂತ್ರಗಳನ್ನು ನಡೆಸಲು ತೋಳ್ಬಲಕ್ಕಿಂತ ಲೆಕ್ಕದ ಅರಿವೂ ಎಚ್ಚರವೂ ಹೆಚ್ಚು ಬೇಕಾಗಿರುವುದರಿಂದ ಹುಡುಗರಂತೆ ಹುಡುಗಿಯರಿಗೂ ಈ ಕಸುಬು ತೆರೆದಿದೆ. ನೀವು ಕಲಿಯುವಾಗ ಇರುವ ನಿಯಂತ್ರಕವೇ ನೀವು ದುಡಿಯುವಾಗಲೂ ಇರುವುದೆಂಬ ಭರವಸೆಯಿಲ್ಲ. ಕಾಗದದ ಪಟ್ಟಿಗೆ ತೂತು ಕೊರೆಯುವುದನ್ನು ಕಲಿತವರು ತಮ್ಮ ಕಣ್ಣೆದುರಿನಲ್ಲಿಯೇ ಅದು ಕಣ್ಮರೆಯಾದುದನ್ನು ಕಂಡರು. ಅವರಲ್ಲಿ ಕೆಲಸದ ಮರ್ಮವನ್ನು ಅರಿತವರು ಹೊಸ ಪರದೆಯನ್ನೂ ಕಲಿತುಕೊಂಡರು. ಲೋಹದ ಗುಣ, ಅಳತೆಯ ಶಿಸ್ತು, ಲೆಕ್ಕದ ತಿಳಿವು, ಓಡಿಸುವ ಮೊದಲು ಒಮ್ಮೆ ನಿಂತು ನೋಡುವ ತಾಳ್ಮೆ ಇವು ಯಾವ ನಿಯಂತ್ರಕದ ಜೊತೆಗೂ ಹಳತಾಗುವುದಿಲ್ಲ.

ಮನೆಯಲ್ಲಿ ಒಂದು ಭಾಷೆ, ಶಾಲೆಯಲ್ಲಿ ಒಂದು, ಮೀನಿನ ಮಾರುಕಟ್ಟೆಯಲ್ಲಿ ಇನ್ನೊಂದು ಭಾಷೆಯನ್ನಾಡಿ ಬೆಳೆಯುವ ಕರಾವಳಿಯ ಮಕ್ಕಳಿಗೆ ಹೊಸ ನಿಯಂತ್ರಕದ ಭಾಷೆಯೇನೂ ಭಯಹುಟ್ಟಿಸಬೇಕಾಗಿಲ್ಲ. ಆದರೆ ಒಂದು ವ್ಯತ್ಯಾಸವನ್ನು ಮಾತ್ರ ಮರೆಯಬಾರದು. ಮೀನು ಮಾರುವ ಅಕ್ಕ ನಮ್ಮ ತಪ್ಪು ಮಾತಿನ ಹಿಂದಿರುವ ಅರ್ಥವನ್ನು ಊಹಿಸಿ ಸರಿಯಾದ ಮೀನನ್ನೇ ಕೊಡುತ್ತಾಳೆ. ಯಂತ್ರಕ್ಕೆ ಆ ಶಕ್ತಿಯಿಲ್ಲ. ಆದುದರಿಂದ ಅದರೊಡನೆ ಮಾತನಾಡುವವನು ಹೇಳಬೇಕಾದುದನ್ನು ತಾನು ಮೊದಲು ತಿಳಿದು, ಬಿಂದು ವಿಸರ್ಗವೂ ತಪ್ಪದಂತೆ ಹೇಳಬೇಕು. ಹೇಳಿದ ಮೇಲೆ ಇನ್ನೊಮ್ಮೆ ಓದಿ ನೋಡಬೇಕು.